ಬ್ಲೋವರ್ ಎಂಜಿನ್ ಹಿಡಿದದ್ದು ಯಾಕ, ಟರ್ಬೋ ಬಿಟ್ಟು ಇಂಜೆಕ್ಷನ್ ಹಾಕಿದ್ದು ಯಾಕ



ಜಮಖಂಡಿ ಸಂತೆಯಲ್ಲಿ ಸಿಕ್ಕವರು, ಮುಧೋಳದಿಂದ ಫೋನ್ ಮಾಡಿದವರು ಎಲ್ಲರೂ ಒಂದೇ ಮಾತು ಕೇಳಾಕತ್ತಾರ: "ನಿಮ್ಮ ಬ್ಲೋವರಿಗೆ ಟರ್ಬೋ ಕೂಡಿಸೀರಂತ, ಹೌದೇನ್ರಿ?" ಕೂಡಿಸಿಲ್ರಿ. ಕೂಡಿಸಬೇಕಂತ ಮಿರಜದ ಗುಜರಿಯಿಂದ ತಂದದ್ದು ಮಾತ್ರ ಖರೆ. ಅದು ಈಗ ದನದ ಮನಿ ಅಟ್ಟದ ಮೇಲೆ ಹೊಟ್ಟಿನ ಚೀಲದ ಬಾಜೂಕ ಕೂತೈತಿ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಬಾಯಿ ನೋವಾತು, ಅದಕ್ಕ ಇಲ್ಲಿ ಉದ್ದಕ್ಕೆ ಬರೀತೀನಿ. ಬೆನ್ನಿಗೆ ಹಾಕೊ ಪೆಟ್ರೋಲ್ ಪಂಪ್, ಹುಲ್ಲು ಕೊಯ್ಯೋ ಮಷಿನ್, ಹಳೇ ಟಿವಿಎಸ್ ಇರೋರು ಪೂರ್ತಿ ಓದ್ರಿ. ನನ್ನ ಎಂಜಿನ್ ಯಾಕ ಹಿಡೀತೋ ಅದೇ ಕಾರಣಕ್ಕ ನಿಮ್ಮದೂ ಹಿಡೀಬಹುದು.

ನಮ್ಮ ದ್ರಾಕ್ಷಿ ಎರಡು ಎಕರೆ, ಎರಿ ಹೊಲ. ಮಳೆ ಆತಂದ್ರ ಮೂರು ದಿನ ಟ್ರ್ಯಾಕ್ಟರ್ ಒಳಗ ಕಾಲಿಡುವಂಗಿಲ್ಲ. ಗಾಲಿ ಹೂತು ಸಾಲೇ ಕೆಟ್ಟು ಹೋಗುತ್ತದೆ. ಆದರೆ ಡೌನಿ ಬರೋದೂ ಅದೇ ಮೂರು ದಿನದಾಗ. ಅಕ್ಟೋಬರ್ ಚಾಟ್ನಿ ಆದ ಮೇಲೆ, ಗೊಂಚಲು ಹೊರಗೆ ಬಿದ್ದ ಹೊತ್ತಿನಲ್ಲಿ ಒಂದು ಅಕಾಲಿಕ ಮಳೆ ಬಂದರೆ ನಿಮಗೇ ಗೊತ್ತು, ಹೊಡೆಯೋದು ಒಂದು ದಿನ ತಡ ಆದರೆ ಎಲೆ ತಳಕ್ಕೆ ಬಿಳಿ ಬೂಸು ಕಾಣಿಸುತ್ತದೆ. ಅದಕ್ಕಾಗಿ ಐದು ವರ್ಷದ ಹಿಂದೆ ನಾನು ಒಂದು ಹಗುರ ಗಾಡಿ ಮಾಡಿಸಿದ್ದೆ. ಮೂರು ಗಾಲಿ, ನೂರು ಲೀಟರ್ ಟ್ಯಾಂಕ್, ಒಂದು ಫ್ಯಾನ್, ಅದನ್ನ ತಿರುಗಿಸೋಕೆ ಹಳೇ ಎರಡು ಸ್ಟ್ರೋಕ್ ಬೈಕಿನ 98 ಸಿಸಿ ಎಂಜಿನ್. ಯಾವ ಬೈಕು ಅಂತ ಹೆಸರು ಹೇಳೋದ ಬ್ಯಾಡ, ಸೌಂಡ್ ಕೇಳಿದ್ರ ಊರಾಗಿನ ಸಣ್ಣ ಹುಡುಗರೂ ಹೇಳ್ತಾರ. ಫ್ಯಾನಿನ ಗಾಳಿಯಲ್ಲೇ ಒಂದು ಪಾಲು ತಗಡಿನ ಕೊಳವೆಯಿಂದ ಎಂಜಿನ್ ಮೇಲೆ ಬಿಟ್ಟೀವಿ. ನಿಂತಲ್ಲೇ ಓಡೋ ಬೈಕ್ ಎಂಜಿನ್ನಿಗೆ ಅಷ್ಟು ಗಾಳಿ ಇಲ್ಲದಿದ್ದರೆ ಅರ್ಧ ತಾಸೂ ಬಾಳುವುದಿಲ್ಲ.

ನಾಲ್ಕು ಹಂಗಾಮು ಚೆನ್ನಾಗಿಯೇ ಓಡಿತು. ಹೋದ ಹಂಗಾಮಿನಲ್ಲಿ ಮಳೆ ನಿಂತ ಮರುದಿನ ಮುಂಜಾನೆ ಗಾಡಿ ಒಳಗೆ ಹಾಕಿದೆ. ಏಳನೇ ಸಾಲು ತಿರುಗುವಾಗ ಎಂಜಿನ್ ದನಿ ಸಣ್ಣಗಾಯಿತು, ಕಿರ್ ಅಂತ ಮೇಲೆ ಏರಿತು. ನನಗೆ ಬಾಳ ಚಲೋ ಓಡಾಕತ್ತೈತಿ ಅನಿಸ್ತು. ಅರ್ಧ ನಿಮಿಷ ಆಗಿರಬೇಕು, ಒಂದೇ ಸಲಕ್ಕೆ ನಿಂತಿತು. ಕಿಕ್ ಕೆಳಗೆ ಇಳಿಯಲೇ ಇಲ್ಲ. ಪಿಸ್ಟನ್ ಹಿಡಿದಿತ್ತು. ಆ ದಿನ ಸಂಜೆತನಕ ಇಬ್ಬರು ಆಳು, ನಾನು, ನಮ್ಮ ಮನಿಯಾಕಿ ಬೆನ್ನಿನ ಪಂಪ್ ಹೊತ್ತು ಹೊಡೆದೆವು. ಒಂದು ಎಕರೆ ಆಯಿತು, ಇನ್ನೊಂದು ಎಕರೆ ಮರುದಿನಕ್ಕೆ ಉಳಿಯಿತು. ಆ ಎಕರೆಯಲ್ಲಿ ಗೊಂಚಲು ಎಷ್ಟು ಉದುರಿದವು ಅನ್ನೋದು ಇಲ್ಲಿ ಬರೆಯೋದಿಲ್ಲ, ಹೊಟ್ಟಿ ಉರಿತದ.

ಮಿಸ್ತ್ರಿ ಬೋರ್ ಬಿಚ್ಚಿ ಪಿಸ್ಟನ್ ನನ್ನ ಕೈಯಾಗ ಇಟ್ಟ. "ಅಣ್ಣಾರ, ಗೀರು ಎಲ್ಲಿ ಬಿದ್ದಾವ ನೋಡ್ರಿ. ಸೈಲೆನ್ಸರ್ ಕಡೆ ಅಷ್ಟ. ಸುತ್ತ ಎಲ್ಲಾ ಬಿದ್ದಿದ್ರ ಎಣ್ಣಿ ಇಲ್ಲ ಅಂತಿದ್ದೆ. ಒಂದ ಕಡೆ ಬಿದ್ದಾವಂದ್ರ ಬಿಸಿ ಆಗಿ ಹಿಡದೈತಿ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ." ನಾನು ಜೆಟ್ ಮುಟ್ಟಿಲ್ಲ, ಸ್ಕ್ರೂ ತಿರುಗಿಸಿಲ್ಲ ಅಂದೆ. "ನೀವ್ ಮುಟ್ಟಿಲ್ರಿ, ಪೆಟ್ರೋಲ ಬದಲಾಗೈತಿ" ಅಂದ.

ಇದು ನಮ್ಮ ಭಾಗದವರಿಗೆ ಸ್ವಲ್ಪ ನಗು ಬರೋ ವಿಷಯ. ನಾವೇ ಕಬ್ಬು ಬೆಳೀತೀವಿ, ನಾವೇ ಸಮೀರವಾಡಿಗೆ, ಮುಧೋಳಕ್ಕೆ ಕಳಿಸ್ತೀವಿ, ಅಲ್ಲಿ ಎಥನಾಲ್ ಆಗುತ್ತದೆ, ಅದು ಪೆಟ್ರೋಲಿನಲ್ಲಿ ಕೂಡಿ ನಮ್ಮ ಬಂಕಿಗೇ ತಿರುಗಿ ಬರುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನೂರಕ್ಕೆ 20 ಎಥನಾಲ್ ಇರೋ ಪೆಟ್ರೋಲ್ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ದೇಶದ ತುಂಬ ಅದೇ ಆಯಿತು. ಎಥನಾಲ್ ಬ್ಯಾಡ ಅನ್ನೋ ಮಾತು ನನ್ನ ಬಾಯಿಂದ ಬರೋದಿಲ್ಲ, ಕಬ್ಬಿನ ಬಿಲ್ಲಿನ ಒಂದು ಪಾಲು ಅದರಿಂದಲೇ ಬರಬೇಕು. ಆದರೆ ಎಂಜಿನ್ ಲೆಕ್ಕ ಬೇರೆ. ಬರೇ ಪೆಟ್ರೋಲ್ ಒಂದು ಕಿಲೋ ಸುಡೋಕೆ 14.7 ಕಿಲೋ ಗಾಳಿ ಬೇಕು. ಬರೇ ಎಥನಾಲ್‌ಗೆ 9 ಕಿಲೋ ಸಾಕು. ನೂರಕ್ಕೆ 20 ಕೂಡಿಸಿದಾಗ ಅದು ಸುಮಾರು 13.5ಕ್ಕೆ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟು ಒಂಬತ್ತು ಪಾಲು ಹೆಚ್ಚು ಪೆಟ್ರೋಲ್ ಹೋಗಬೇಕು. ಕಾರ್ಬರೇಟರಿನ ಜೆಟ್ಟಿಗೆ ಇದು ಗೊತ್ತಾಗೋದಿಲ್ಲ. ಅದು ಒಂದು ಹಿತ್ತಾಳಿ ತೂತು ಅಷ್ಟೇ, ಹಿಂದೆ ಎಷ್ಟು ಬಿಡ್ತಿತ್ತೋ ಈಗಲೂ ಅಷ್ಟೇ ಬಿಡುತ್ತದೆ.

ನಾಲ್ಕು ಸ್ಟ್ರೋಕಿನ ಗಾಡಿ ಇದನ್ನ ತಡಕೊಳ್ಳುತ್ತದೆ, ಸ್ವಲ್ಪ ಮೈಲೇಜ್ ಬೀಳಬಹುದು. ಎರಡು ಸ್ಟ್ರೋಕಿಗೆ ಪೆಟ್ರೋಲೇ ನೀರು, ಪೆಟ್ರೋಲೇ ಎಣ್ಣೆ. ಕ್ರ್ಯಾಂಕಿನ ಬೇರಿಂಗಿಗೆ, ಪಿಸ್ಟನ್ನಿಗೆ ಎಣ್ಣೆ ಹೋಗೋದು ಪೆಟ್ರೋಲ್ ಜೋಡಿ. ಪೆಟ್ರೋಲ್ ಕಮ್ಮಿ ಆದರೆ ಬಿಸಿಯೂ ಏರಿತು, ಎಣ್ಣೆಯೂ ಕಮ್ಮಿ ಆಯಿತು. ಹಿಡಿಯುವ ಮೊದಲು ದನಿ ಸಣ್ಣಗಾಗಿ ಸ್ಪೀಡ್ ಏರುತ್ತದಲ್ಲ, ಅದು ಚಲೋ ಓಡೋದಲ್ಲ, ಸಾಯೋ ಮೊದಲಿನ ಕೂಗು. ಆವತ್ತು ಚೋಕ್ ಎಳೆದು ಎಂಜಿನ್ ಬಂದ್ ಮಾಡಿದ್ದರೆ ಬೋರ್ ಉಳೀತಿತ್ತು.

ನನ್ನದೂ ಒಂದು ತಪ್ಪಿತ್ತು. ಎಣ್ಣೆ ಕೂಡಿಸಿದ ಪೆಟ್ರೋಲ್ ಕ್ಯಾನು ಶ್ರಾವಣದಿಂದ ಪಂಪ್‌ಸೆಟ್ ಮನಿಯಾಗ ಇತ್ತು, ಮುಚ್ಚಳ ಸಡಿಲ. ಎಥನಾಲ್ ನೀರು ಹೀರುತ್ತದೆ. ನೀರು ಜಾಸ್ತಿ ಆದಾಗ ನೀರು, ಎಥನಾಲ್ ಎರಡೂ ಕೂಡಿ ತಳಕ್ಕೆ ಇಳಿಯುತ್ತವೆ. ನಾವು ಹಾಕಿದ ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕಾಕ್ ಮೊದಲು ಎಳೆಯೋದು ತಳದ್ದನ್ನ! ನಂಬಿಕಿ ಇಲ್ಲದವರು ಒಂದು ಗಾಜಿನ ಅಳತೆ ಕೊಳವೆಯಲ್ಲಿ 90 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಅಲ್ಲಾಡಿಸಿ ಇಡ್ರಿ, ಬೆಂಕಿ ದೂರ ಇರಲಿ. ಸ್ವಲ್ಪ ಹೊತ್ತಿಗೆ ಕೆಳಗಿನ ಪದರ 10 ಇದ್ದದ್ದು 28ರ ಹತ್ತಿರ ಬಂದಿರುತ್ತದೆ. ಹೆಚ್ಚಾದ 18 ಮಿಲಿ ಎಥನಾಲ್.

ಇಲ್ಲಿಗೆ ಬೋರ್ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿ, ಜೆಟ್ ಒಂದು ನಂಬರ್ ದೊಡ್ಡದು ಮಾಡಿದ್ದರೆ ಕಥಿ ಮುಗೀತಿತ್ತು. ಆದರೆ ನಮ್ಮ ತಮ್ಮನ ಮಗ ಡಿಪ್ಲೊಮಾ ಮೆಕ್ಯಾನಿಕಲ್ ಓದಾಕತ್ತಾನ. ಸೂಟಿಗೆ ಬಂದವನು ಬಿಚ್ಚಿದ ಎಂಜಿನ್ ಮುಂದೆ ಕುಂತು, "ದೊಡ್ಡಪ್ಪ, ಹೆಂಗೂ ಬಿಚ್ಚೀರಿ, ಟರ್ಬೋ ಕೂಡಸೂಣು. ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕೂಣು. ಎರಡು ಸಾಲಿಗೆ ಒಮ್ಮೆಲೆ ಹೊಡಿಯುವಷ್ಟು ಗಾಳಿ ಬರತೈತಿ" ಅಂದ. ನಾನು ನಕ್ಕೆ. ಅಂವ ಮೊಬೈಲಿನಲ್ಲಿ ಹಿಮದ ಮೇಲೆ ಓಡೋ ಗಾಡಿ ತೋರಿಸಿದ. ಕೆನಡಾದ ಸ್ಕಿ-ಡೂ ಕಂಪನಿಯವರು 2020ರ ಮಾಡೆಲ್ಲಿನಲ್ಲಿ ಎರಡು ಸ್ಟ್ರೋಕ್ ಎಂಜಿನ್ನಿಗೆ ಕಂಪನಿಯಿಂದಲೇ ಟರ್ಬೋ ಕೂಡಿಸಿ ಮಾರಾಟಕ್ಕೆ ಬಿಟ್ಟಿದ್ದಾರೆ, ಅದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಇಂಜೆಕ್ಷನ್. ನಾನು ನಮಗ್ಯಾಕ ಅದು ಅಂದರೆ, "ಸರ್ಕಾರದ ದಾರಿ ಕಾಯದ ರೈತರ ಕೂಡಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ತಾಲೂಕಿನವ್ರು ನಾವು, ಒಂದು ಟರ್ಬೋ ಕೂಡಸಾಕ ಆಗೂದಿಲ್ಲೇನು?" ಅಂದ. ಮಾತಿಗೆ ಕಮ್ಮಿ ಇಲ್ಲ. ನಾನೂ ರೊಕ್ಕ ಕೊಟ್ಟೆ, ಗುಜರಿಯಿಂದ 1300 ಸಿಸಿ ಡೀಸೆಲ್ ಕಾರಿನ ಟರ್ಬೋ ಬಂತು.

ಮಿಸ್ತ್ರಿ ಅದನ್ನ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದ: "ತಮ್ಮಾ, ಇದಕ್ಕ ಎಣ್ಣಿ ಎಲ್ಲಿಂದ ಕೊಡ್ತಿ?" ಟರ್ಬೋ ಒಳಗಿನ ದಂಡ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗುತ್ತದೆ. ಅದು ತೇಲೋದು ಪ್ರೆಷರಿನಲ್ಲಿ ಬರೋ ಎಣ್ಣೆಯ ಮೇಲೆ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಎಂಜಿನ್ ತಳದಲ್ಲಿ ಎಣ್ಣೆ ಇರುತ್ತದೆ, ಪಂಪ್ ಇರುತ್ತದೆ, ಒಂದು ಪೈಪ್ ಎಳೆದರೆ ಆಯಿತು. (ಆ ಟ್ರ್ಯಾಕ್ಟರುಗಳ ಟರ್ಬೋ ಸಿಳ್ಳು ಈಗ ಯಾರಿಗೆ ಕೇಳಿಸ್ತದ ಬಿಡ್ರಿ, ಮೇಲೆ ಕಟ್ಟಿದ ಸ್ಪೀಕರಿನ ಸಪ್ಪಳದಾಗ.) ಎರಡು ಸ್ಟ್ರೋಕಿಗೆ ಎಣ್ಣೆ ತಳವೇ ಇಲ್ಲ. ಟರ್ಬೋಕ್ಕೆ ಬೇರೆ ಎಣ್ಣೆ ಡಬ್ಬಿ, ಬೇರೆ ಪಂಪ್ ಬೇಕು. ಹುಡುಗ ಅದಕ್ಕೂ ತಯಾರಿದ್ದ.

ಅವನನ್ನ ನಿಲ್ಲಿಸಿದ್ದು ಅವನದೇ ಲೆಕ್ಕ. ಕಟ್ಟೆ ಮೇಲೆ ಕುಂತು ಬರೆದೆವು. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರು ಎಳೆಯುತ್ತದೆ. 1300 ಸಿಸಿ ಕಾರು 2000 ಸುತ್ತಿನಲ್ಲಿ ಇದ್ದಾಗ, ಟರ್ಬೋ ಏಳೋ ಹೊತ್ತಿನಲ್ಲಿ, ನಿಮಿಷಕ್ಕೆ 1300 ಲೀಟರ್ ಗಾಳಿ ಎಳೆಯುತ್ತದೆ. ನಮ್ಮದು ಎರಡು ಸ್ಟ್ರೋಕ್, ಪ್ರತಿ ಸುತ್ತಿಗೂ ಉಸಿರು, ಆದರೂ 98 ಸಿಸಿ. ಫ್ಯಾನ್ ಓಡಿಸೋ 5000 ಸುತ್ತಿನಲ್ಲಿ 490 ಲೀಟರ್. ಪೂರ್ತಿ ಎಳೆದು 7500ಕ್ಕೆ ಹೋದರೂ 735. ಅಂದರೆ ಆ ಟರ್ಬೋ ನಮ್ಮ ಎಂಜಿನ್ನಿನ ಹೊಗೆಗೆ ಏಳೋದೇ ಇಲ್ಲ, ಸೈಲೆನ್ಸರಿಗೆ ಬಟ್ಟಿ ತುರುಕಿದಂಗ ಅಡ್ಡ ಕೂಡುತ್ತದೆ ಅಷ್ಟೇ.

ಅಡ್ಡ ಕೂಡೋದು ಎರಡು ಸ್ಟ್ರೋಕಿಗೆ ಸಣ್ಣ ವಿಷಯ ಅಲ್ಲ. ಇದಕ್ಕೆ ವಾಲ್ವ್ ಇಲ್ಲ. ಹೊಗೆ ಹೋಗೋ ಬಾಗಿಲು ತೆರೆದಿದ್ದಾಗಲೇ ಹೊಸ ಗಾಳಿ, ಪೆಟ್ರೋಲ್ ಒಳಗೆ ಬರುತ್ತದೆ. ಮೂರನೇ ಒಂದು ಪಾಲಿನ ಹತ್ತಿರ ಸುಡದೇ ಹಾಗೇ ಹೊರಗೆ ಹೋಗುತ್ತದೆ. ಸೈಲೆನ್ಸರಿನ ಉಬ್ಬಿದ ಹೊಟ್ಟೆ ಸುಮ್ಮನೆ ಅಂದಕ್ಕಲ್ಲ, ಅದರೊಳಗಿನ ಹೊಡೆತ ತಿರುಗಿ ಬಂದು ಹೊರಗೆ ಹೊರಟ ಪೆಟ್ರೋಲನ್ನ ಒಳಗೆ ದೂಡುತ್ತದೆ. ಅದಕ್ಕೇ ಟರ್ಬೋ ಕೂಡಿಸೋರು ಅದನ್ನ ಸಿಲಿಂಡರಿಗೆ ಅಂಟಿಸುವುದಿಲ್ಲ, ಆ ಪೈಪ್ ಮುಗಿದ ಮೇಲೆ ಕೂಡಿಸುತ್ತಾರೆ. ಇನ್ನು ಆ ಹಿಮದ ಗಾಡಿಗೆ ಟರ್ಬೋ ಯಾಕ ಬೇಕಾತು ಅಂದರೆ, ಅದು ಓಡೋದು ಎಂಟು ಸಾವಿರ ಅಡಿ ಎತ್ತರದ ಗುಡ್ಡದಲ್ಲಿ. ಅಲ್ಲಿ ಗಾಳಿ ಐದನೇ ಒಂದು ಪಾಲು ತೆಳು. ಕಳಕೊಂಡ ಗಾಳಿ ತಿರುಗಿ ತುಂಬೋಕೆ ಅವರಿಗೆ ಟರ್ಬೋ ಬೇಕು. ನಮ್ಮ ಜಮಖಂಡಿ ಸಮುದ್ರ ಮಟ್ಟದಿಂದ ಸುಮಾರು 550 ಮೀಟರ್. ನಮಗ ಗಾಳಿ ಕಮ್ಮಿ ಆಗಿರಲಿಲ್ಲ, ಪೆಟ್ರೋಲ್ ಕಮ್ಮಿ ಆಗಿತ್ತು.

ಆದರೂ ಹುಡುಗ ಓದಿದ್ದರಲ್ಲಿ ಒಂದು ಮಾತು ನನಗೆ ಹಿಡಿಸಿತು. ಸಣ್ಣ ಎರಡು ಸ್ಟ್ರೋಕಿಗೆ ಟರ್ಬೋ ಕೂಡಿಸಬೇಕಂದರೆ ಕಾರ್ಬರೇಟರ್ ಇಟ್ಟುಕೊಂಡು ಕೂಡಿಸೋದು ಬಾಳ ಕಷ್ಟ. ಟರ್ಬೋ ಗಾಳಿ ಕಾರ್ಬರೇಟರಿನ ಬಾಯಿಗೆ ಒತ್ತಿದಾಗ ಅದೇ ಒತ್ತಡ ಕೆಳಗಿನ ಬಟ್ಟಲಿಗೂ, ಪೆಟ್ರೋಲ್ ಪಂಪಿಗೂ ಸಿಗಬೇಕು, ಇಲ್ಲಾಂದ್ರ ಪೆಟ್ರೋಲ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಇಂಜೆಕ್ಷನ್ನಿನಲ್ಲೂ ಇದೇ ಗುಟ್ಟು ಇದೆ. ಬೈಕಿನ ಪಂಪ್ ಸುಮಾರು 3 ಬಾರ್ ಪ್ರೆಷರಿನಲ್ಲಿ ಪೆಟ್ರೋಲ್ ಕೊಡುತ್ತದೆ. ಟರ್ಬೋ ಅರ್ಧ ಬಾರ್ ಒತ್ತಿದರೆ ಇಂಜೆಕ್ಟರಿಗೆ ಉಳಿಯೋದು ಎರಡೂವರೆ. ಪೆಟ್ರೋಲ್ ನೂರಕ್ಕೆ ಒಂಬತ್ತು ಕಮ್ಮಿ ಬೀಳುತ್ತದೆ, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ. ಅದಕ್ಕೆ ಪ್ರೆಷರ್ ರೆಗ್ಯುಲೇಟರಿನಿಂದ ಎಂಜಿನ್ ಬಾಯಿಗೆ ಒಂದು ಸಣ್ಣ ರಬ್ಬರ್ ಕೊಳವೆ ಎಳೆಯಲೇಬೇಕು. ಈ ಒಂಬತ್ತು ನೋಡಿ ನನಗೆ ಎಥನಾಲ್ ಲೆಕ್ಕದ ಎಂಟು ಒಂಬತ್ತು ನೆನಪಾಯಿತು. ಎರಡೂ ಒಂದೇ ರೋಗ. ಟರ್ಬೋ ಬಿಟ್ಟರೂ ಇಂಜೆಕ್ಷನ್ ನಮಗೆ ಬೇಕಾಗಿದ್ದದ್ದು ಆ ರೋಗಕ್ಕೆ.

ಇಂಜೆಕ್ಷನ್ ನಮ್ಮೂರಿಗೆ ಹೊಸದೂ ಅಲ್ಲ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲೆ ಹಾಲಿನ ಕ್ಯಾನ್ ಹೊರೋ ಟಿವಿಎಸ್ ಎಕ್ಸೆಲ್ 100 ಸೈತ ಇಂಜೆಕ್ಷನ್ ಗಾಡಿ. ಎರಡು ಸ್ಟ್ರೋಕಿಗೂ ಇದನ್ನ ಮಾಡಿದವರು ಇದ್ದಾರೆ. 2007ರ ಸುಮಾರಿಗೆ ಬಜಾಜ್‌ನವರು ಆಸ್ಟ್ರೇಲಿಯಾದ ಆರ್ಬಿಟಲ್ ಕಂಪನಿಯ ತಂತ್ರದಿಂದ ನೇರ ಇಂಜೆಕ್ಷನ್ನಿನ ಎರಡು ಸ್ಟ್ರೋಕ್ ಆಟೋ ತಂದಿದ್ದರು. ಫಿಲಿಪೈನ್ಸ್ ದೇಶದಲ್ಲಿ ಎನ್ವಿರೋಫಿಟ್ ಅನ್ನೋ ಸಂಸ್ಥೆ ಹಳೇ ಎರಡು ಸ್ಟ್ರೋಕ್ ಬಾಡಿಗೆ ಗಾಡಿಗಳಿಗೆ ಅದೇ ರೀತಿ ಇಂಜೆಕ್ಷನ್ ಕಿಟ್ ಹಾಕಿ ಪೆಟ್ರೋಲ್ ಖರ್ಚು ಮೂರನೇ ಒಂದು ಪಾಲು ಇಳಿಸಿತ್ತು. ಜರ್ಮನಿಯ ಸ್ಟಿಲ್ ಕಂಪನಿಯ ಒಂದು ಮರ ಕೊಯ್ಯೋ ಗರಗಸಕ್ಕೂ ಈಗ ಇಂಜೆಕ್ಷನ್ ಐತಿ.

ಹಂಗಂತ ಎಕ್ಸೆಲ್ ಗಾಡಿಯ ಡಬ್ಬಿ ಬಿಚ್ಚಿ ಇದಕ್ಕೆ ಹಚ್ಚೋಕೆ ಬರೋದಿಲ್ಲ. ನಾವು ಮೊದಲು ಹಂಗೇ ಯೋಚಿಸಿದ್ದೆವು. ನಾಲ್ಕು ಸ್ಟ್ರೋಕಿನ ಕಂಪ್ಯೂಟರ್ ಎರಡು ಸುತ್ತಿಗೆ ಒಂದು ಸಲದ ಲೆಕ್ಕದಲ್ಲಿ ಪೆಟ್ರೋಲ್ ಬಿಡುತ್ತದೆ, ನಮಗೆ ಪ್ರತಿ ಸುತ್ತಿಗೂ ಬೇಕು. 7500 ಸುತ್ತಿನಲ್ಲಿ ಒಂದು ಸುತ್ತಿಗೆ ಸಿಗೋ ವೇಳೆ ಒಂದು ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲು ಮಾತ್ರ. ಅಷ್ಟರಲ್ಲಿ ಇಂಜೆಕ್ಟರ್ ತೆರೆದು ಮುಚ್ಚಬೇಕು, ಆದ್ದರಿಂದ ಸ್ವಲ್ಪ ದೊಡ್ಡ ಇಂಜೆಕ್ಟರ್ ಆರಿಸಬೇಕು. ಬಾಳ ದೊಡ್ಡದಾದರೆ ನಿಧಾನ ಓಟದಲ್ಲಿ ಪೆಟ್ರೋಲ್ ಉಕ್ಕಿ ಪ್ಲಗ್ ಕರಿ ಕಟ್ಟುತ್ತದೆ. ಕಂಪ್ಯೂಟರಿಗೆ ನಾವು ಸ್ಪೀಡುಯಿನೋ ಅನ್ನೋ ಬೋರ್ಡ್ ತರಿಸಿದೆವು. ಅದರ ನಕ್ಷೆ, ಪ್ರೋಗ್ರಾಮ್ ಎಲ್ಲರಿಗೂ ಬಿಟ್ಟಿ ಸಿಗುತ್ತವೆ, ಎರಡು ಸ್ಟ್ರೋಕಿಗೂ ಹೊಂದಿಸಬಹುದು.

ಇಂಜೆಕ್ಟರ್ ಎಲ್ಲಿ ಕೂಡಿಸಬೇಕು ಅನ್ನೋದರ ಮೇಲೆ ಎರಡು ದಿನ ವಾದ ಆಯಿತು. ನೇರ ಸಿಲಿಂಡರಿಗೆ ಹಾಕಿದರೆ ಸುಡದೇ ಹೊರಗೆ ಹೋಗೋ ಪೆಟ್ರೋಲ್ ಪೂರ್ತಿ ಉಳಿಯುತ್ತದೆ, ಬಜಾಜ್ ಆಟೋದಲ್ಲಿ ಇದ್ದದ್ದು ಅದೇ. ಆದರೆ ಆ ಸಾಮಾನು ನಮ್ಮ ಕೈಗೆ ಎಟಕೋದಲ್ಲ. ಮತ್ತೆ ಪೆಟ್ರೋಲ್ ಕ್ರ್ಯಾಂಕಿನ ಕೋಣೆಗೆ ಹೋಗದಿದ್ದರೆ ಬೇರಿಂಗಿಗೆ ಎಣ್ಣೆ ಹಾಕೋರು ಯಾರು, ಅದಕ್ಕೆ ಬೇರೆ ಎಣ್ಣೆ ಪಂಪ್ ಬೇಕು. ಕಾರ್ಬರೇಟರ್ ಇದ್ದ ಜಾಗದಲ್ಲೇ, ರೀಡ್ ವಾಲ್ವಿನ ಹಿಂದೆ ಕೂಡಿಸಿದರೆ ಎಣ್ಣೆ ಕೂಡಿಸಿದ ಪೆಟ್ರೋಲ್ ಹಳೇ ದಾರಿಯಲ್ಲೇ ಹೋಗುತ್ತದೆ. ಪೆಟ್ರೋಲ್ ಉಳಿತಾಯ ಆಗೋದಿಲ್ಲ, ಎಂಜಿನ್ ಉಳಿಯುತ್ತದೆ. ನಾನು ಎಂಜಿನ್ ಉಳಿದರೆ ಸಾಕು ಅಂದೆ.

ಹುಡುಗ ತಂದ ಆಕ್ಸಿಜನ್ ಸೆನ್ಸರ್ ನಮಗೆ ಮೋಸ ಮಾಡಿತು. ಕಾರಿನಲ್ಲಿ ಸೈಲೆನ್ಸರಿಗೆ ಅದನ್ನ ಹಚ್ಚಿದರೆ ಪೆಟ್ರೋಲ್ ಹೆಚ್ಚೋ ಕಮ್ಮಿಯೋ ಅಂತ ಹೇಳುತ್ತದೆ. ಎರಡು ಸ್ಟ್ರೋಕಿನಲ್ಲಿ ಸುಡದ ಗಾಳಿ ಹಾಗೇ ಸೈಲೆನ್ಸರಿಗೆ ಬರೋದರಿಂದ ಅದು ಯಾವಾಗಲೂ "ಪೆಟ್ರೋಲ್ ಕಮ್ಮಿ, ಕಮ್ಮಿ" ಅಂತ ಕೂಗುತ್ತದೆ. ಅದರ ಮಾತು ಕೇಳಿ ಪೆಟ್ರೋಲ್ ಏರಿಸುತ್ತ ಹೋದೆವು, ಕೊನೆಗೆ ಗಾಡಿ ಹೊಗೆಯಲ್ಲಿ ಕಾಣದಂತಾಯಿತು. ಮೇಲಾಗಿ ಎಣ್ಣೆ ಹೊಗೆಗೆ ಅದು ಬೇಗ ಕೆಡುತ್ತದೆ. ಅದನ್ನ ತೆಗೆದು ಪ್ಲಗ್ಗಿನ ಬುಡಕ್ಕೆ ಬಿಸಿ ಅಳೆಯೋ ತಂತಿ ಹಚ್ಚಿದೆವು. ಜೊತೆಗೆ ಮಿಸ್ತ್ರಿಯ ಹಳೇ ಪದ್ಧತಿ: ಪೂರ್ತಿ ಲೋಡಿನಲ್ಲಿ ಓಡಿಸಿ, ಒಮ್ಮೆಲೆ ಬಂದ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡೋದು. ಚಹಾದ ಬಣ್ಣ ಇದ್ದರೆ ಸೈ, ಬಿಳಿ ಇದ್ದರೆ ಪೆಟ್ರೋಲ್ ಏರಿಸು. ಎಷ್ಟು ಎಕ್ಸಲೇಟರ್, ಎಷ್ಟು ಸುತ್ತು, ಅದಕ್ಕೆ ಎಷ್ಟು ಪೆಟ್ರೋಲ್ ಅಂತ ಒಂದೊಂದೇ ಮನಿ ತುಂಬುತ್ತ ಹೋಗಬೇಕು, ಸಾಲಿಗೆ ಬೀಜ ಊರಿದಂಗ. ಎಂಟು ದಿನ ಹಿಡೀತು. ಮನೆಯವರು ಆ ಸಪ್ಪಳಕ್ಕೆ ಬೇಸತ್ತು ಮಾತು ಬಿಟ್ಟಿದ್ದರು.

ಒಂದು ಮುಖ್ಯ ವಿಷಯ ಬಿಟ್ಟಿದ್ದೆ. ಮೂರನೇ ದಿನ ಓಡಿಸುವಾಗ ಮತ್ತೆ ಅದೇ ದನಿ ಬಂತು, ಸಣ್ಣಗಾಗಿ ಮೇಲೆ ಏರೋದು. ಈ ಸಲ ನಾನು ಓಡಿಹೋಗಿ ಬಟನ್ ಒತ್ತಿ ಬಂದ್ ಮಾಡಿದೆ. ನೋಡಿದರೆ ಬ್ಯಾಟರಿ ಇಳಿದಿತ್ತು. ಪಂಪ್, ಇಂಜೆಕ್ಟರ್, ಬೋರ್ಡ್ ಕೂಡಿ ನಾಲ್ಕು ಆಂಪಿಯರ್ ತಿನ್ನುತ್ತವೆ, ನಮ್ಮದು 9 ಆಂಪಿಯರ್ ತಾಸಿನ ಬ್ಯಾಟರಿ, ಎರಡು ತಾಸಿನ ಆಟ. ಕರೆಂಟ್ ಕಮ್ಮಿ ಆದಾಗ ಇಂಜೆಕ್ಟರ್ ಪೂರ್ತಿ ನಿಲ್ಲೋದಿಲ್ಲ, ತೆರೆಯೋದು ತಡ ಮಾಡುತ್ತದೆ. ಅಂದರೆ ಪೆಟ್ರೋಲ್ ಕಮ್ಮಿ, ಎಣ್ಣೆ ಕಮ್ಮಿ, ಪಿಸ್ಟನ್ ಹಿಡಿಯೋ ದಾರಿ. ಕಾರ್ಬರೇಟರಿಗೆ ಈ ರೋಗ ಇಲ್ಲ. ಇಂಜೆಕ್ಷನ್ ಹಾಕಿಸಿಕೊಳ್ಳೋರಿಗೆ ನಾನು ಮೊದಲು ಹೇಳೋದೇ ಇದು. ಈಗ ವೋಲ್ಟೇಜ್ ಇಳಿದರೆ, ಇಲ್ಲಾ ಹೆಡ್ ಬಿಸಿ ಮಿತಿ ಮೀರಿದರೆ, ಎಂಜಿನ್ ತಾನೇ ಬಂದ್ ಆಗೋ ಹಾಗೆ ಮಾಡಿದ್ದೇವೆ. ಬಂದ್ ಮಾಡೋದು ಪ್ಲಗ್ಗಿನ ಕಿಡಿಯನ್ನ, ಪೆಟ್ರೋಲನ್ನ ಅಲ್ಲ. ಪೆಟ್ರೋಲ್ ಕಟ್ ಮಾಡಿದರೆ ಆ ಕೊನೆಯ ಸುತ್ತುಗಳಲ್ಲಿ ಎಣ್ಣೆಯೂ ಕಟ್ ಆಗುತ್ತದೆ. ಹುಡುಗ ಮೊದಲು ಪೆಟ್ರೋಲ್ ಕಟ್ ಮಾಡೋ ಹಾಗೆ ಬರೆದಿದ್ದ, ಮಿಸ್ತ್ರಿ ಬೈದು ಬದಲಿಸಿದ.

ಖರ್ಚು ಕೇಳ್ತೀರಿ, ಹೇಳ್ತೀನಿ. ಟರ್ಬೋದ ದಂಡ ಬಿಟ್ಟು, ಬೋರ್ ಕೆಲಸ ಬಿಟ್ಟು, ಇಂಜೆಕ್ಷನ್ನಿಗೇ 18 ಸಾವಿರದ ಮೇಲೆ ಹೋಯಿತು. ಹುಡುಗನ ಕೂಲಿ ಇಲ್ಲ, ಹೋಳಿಗಿ ಊಟ ಅಷ್ಟ. ಈ ರೊಕ್ಕಕ್ಕೆ ಒಂದು ಸಣ್ಣ ನಾಲ್ಕು ಸ್ಟ್ರೋಕ್ ಎಂಜಿನ್ ಬರ್ತಿತ್ತಲ್ರಿ ಅಂತ ಬೀಳಗಿಯ ಒಬ್ಬ ಗೆಳೆಯರು ಕೇಳಿದರು. ಬರ್ತಿತ್ತು. ಆದರೆ ಅಷ್ಟು ಹಗುರಕ್ಕೆ ಅಷ್ಟು ಶಕ್ತಿ ಬರ್ತಿರಲಿಲ್ಲ. ನನಗೆ ಹಸಿ ಎರಿಯಲ್ಲಿ ಇಬ್ಬರು ದೂಡೋ ಗಾಡಿ ಬೇಕಿತ್ತು. ಹಸಿ ಹೊಲದ ಚಿಂತೆ ಇಲ್ಲದ ಮಸಾರಿ ಭೂಮಿಯವರು ನಾಲ್ಕು ಸ್ಟ್ರೋಕ್ ತಗೊಂಡು ಆರಾಮ ಇರ್ರಿ, ನನ್ನ ದಾರಿ ಹಿಡೀಬ್ಯಾಡ್ರಿ.

ಬೆನ್ನಿನ ಪಂಪಿಗೆ, ಹುಲ್ಲಿನ ಮಷಿನ್ನಿಗೆ ಇಂಜೆಕ್ಷನ್ ಹಚ್ಚೋಕೆ ಹೋಗಬ್ಯಾಡ್ರಿ, ಅದು ಹುಚ್ಚುತನ. ಅದರ ಕಾರ್ಬರೇಟರಿನಲ್ಲಿ ಹೊಂದಿಸೋ ಸ್ಕ್ರೂ ಇದ್ದರೆ ಪೂರ್ತಿ ಓಟದಲ್ಲಿ ಸ್ವಲ್ಪ ಪೆಟ್ರೋಲ್ ಹೆಚ್ಚು ಬಿಡಿಸಿರಿ. ಜೆಟ್ ಇದ್ದು ಅದರ ನಂಬರ್ ತೂತಿನ ಅಳತೆ ಆಗಿದ್ದರೆ 100 ಇದ್ದಲ್ಲಿ 105 ಹಾಕಿರಿ. ತೂತು ನೂರಕ್ಕೆ ನಾಲ್ಕು ದೊಡ್ಡದಾದರೆ ಹರಿವು ಎಂಟು ಏರುತ್ತದೆ, ಅಷ್ಟೇ ಬೇಕಾಗಿರೋದು. ಎಣ್ಣೆ ಕೂಡಿಸಿದ ಪೆಟ್ರೋಲ್ ಹದಿನೈದು ದಿನಕ್ಕೆ ಸಾಲುವಷ್ಟೇ ಮಾಡಿ, ಮುಚ್ಚಳ ಬಿಗಿ ಇಟ್ಟು, ಹಾಕೋ ಮೊದಲು ಅಲ್ಲಾಡಿಸಿರಿ. ಕೆಲಸ ಮುಗಿದ ದಿನ ಕಾಕ್ ಬಂದ್ ಮಾಡಿ ಎಂಜಿನ್ ತಾನೇ ನಿಲ್ಲೋತನಕ ಓಡಿಸಿರಿ, ಕಾರ್ಬರೇಟರಿನಲ್ಲಿ ಉಳಿದದ್ದು ಒಣಗಿ ಹೋಗುತ್ತದೆ. ರಬಕವಿ-ಬನಹಟ್ಟಿ ಕಡೆ ಅರಿಷಿಣದ ಹೊಲದಾಗ ಹುಲ್ಲಿನ ಮಷಿನ್ ಬಾಡಿಗಿ ಓಡಿಸೋ ಒಬ್ಬರಿಗೆ ಇಷ್ಟೇ ಹೇಳಿದ್ದೆ. ವರ್ಷಕ್ಕೆ ಎರಡು ಪಿಸ್ಟನ್ ಹಾಕಿಸ್ತಿದ್ದರು, ಈ ವರ್ಷ ಇನ್ನೂ ಹಾಕಿಸಿಲ್ಲ ಅಂದರು.

ಈ ಹಂಗಾಮಿನಲ್ಲಿ ಚಾಟ್ನಿ ಆದ ಮೇಲೆ ಎರಡು ಸಲ ಮಳೆ ಬಂತು. ಮೊದಲ ಸಲ ಗಾಡಿ ಎರಡೂ ಎಕರೆ ಒಂದೇ ದಿನ ಮುಗಿಸಿತು, ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಟರಿ ಬದಲಿಸಿದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ಎರಡನೇ ಸಲ ಸಾಲಿನ ನಡುವೆ ಒಮ್ಮೆಲೆ ಬಂದ್ ಆಯಿತು. ನನ್ನ ಎದಿ ಧಸಕ್ ಅಂತು. ಕಿಕ್ ಹೊಡೆದೆ, ಸರಾಗ ಇಳೀತು. ತಗಡಿನ ಕೊಳವೆಯ ಬಾಯಿಗೆ ದ್ರಾಕ್ಷಿ ಎಲೆ ಅಡ್ಡ ಬಿದ್ದು ಎಂಜಿನ್ನಿಗೆ ಗಾಳಿ ಸಿಕ್ಕಿರಲಿಲ್ಲ, ಬಿಸಿ ಏರಿದ್ದಕ್ಕೆ ಅದು ತಾನೇ ಕಿಡಿ ಬಂದ್ ಮಾಡಿಕೊಂಡಿತ್ತು. ಎಲೆ ತೆಗೆದು, ಹತ್ತು ನಿಮಿಷ ಬದುವಿನ ಮೇಲೆ ಕುಂತು ಎಲೆಅಡಕಿ ಹಾಕೊಂಡು, ಮತ್ತೆ ಚಾಲೂ ಮಾಡಿದೆ. ಕೊಳವೆಯ ಬಾಯಿಗೆ ಈಗ ಜಾಳಿಗಿ ಹಾಕೀನಿ.

ಹುಡುಗ ದೀಪಾವಳಿಗೆ ಬಂದಾಗ ಅಟ್ಟ ಹತ್ತಿ ಟರ್ಬೋ ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಟ್ಟ. "ದೊಡ್ಡಪ್ಪ, ಇದನ್ನ ಮಾರಬ್ಯಾಡ, ನಮ್ಮ ಹಳೇ ಡೀಸೆಲ್ ಪಂಪಿಗೆ..." ಅಂತ ಶುರು ಮಾಡಿದ. ಮೊದಲು ಲೆಕ್ಕ ಬರದು ತಗೊಂಡ ಬಾ ಅಂದೀನಿ.

ಗಾಡಿ ನೋಡೋರು ಯಾವಾಗ ಬೇಕಾದರೂ ಬರ್ರಿ, ಮಳೆ ಆದ ಮರುದಿನ ಒಂದು ಬಿಟ್ಟು.